ರಾತ್ರಿ ಮೂಗು ಕಟ್ಟುವುದೇಕೆ? ನಿದ್ದೆ ಕೆಡುವುದೇಕೆ?



ಈ ಪುಟದಲ್ಲಿ ಬೀಜ, ಗೊಬ್ಬರ, ಬದುಗಳ ವಿಚಾರ ಓದುವುದು ನಿಮಗೆ ಅಭ್ಯಾಸವಾಗಿದೆ. ಈ ಸಲ ಮೂಗಿನ ವಿಚಾರ ಹೇಳಬೇಕೆಂದಿದ್ದೇನೆ. ವ್ಯವಸಾಯದ ಡಿಪ್ಲೊಮಾ ಓದಿದವನಿಗೆ ಮೂಗಿನ ಗೊಡವೆ ಏಕೆಂದು ನೀವು ನಗಬಹುದು. ನಗಿರಿ, ಚಿಂತೆಯಿಲ್ಲ. ಆದರೆ ಪೂರ್ತಿ ಓದಿ. ಇನ್ನೊಂದು ತಿಂಗಳಿಗೆ ರಾಗಿ ಕೊಯ್ಲು, ಅದರ ಹಿಂದೆಯೇ ಒಕ್ಕಣೆ ಬರುತ್ತದೆ. ಅಷ್ಟರೊಳಗೆ ಈ ಮಾತು ನಿಮ್ಮ ಮನೆ ಮುಟ್ಟಬೇಕು.

ಕಳೆದ ವರ್ಷದ ಮಾರ್ಗಶಿರದಲ್ಲಿ ನಡೆದ ಸಂಗತಿ. ನನ್ನ ಸುತ್ತಿನ ಒಂದು ಹಳ್ಳಿಯಲ್ಲಿ ಸಂಜೆ ಶಾಲೆಯ ಜಗಲಿಯ ಮೇಲೆ ಸಭೆ ಸೇರಿಸಿದ್ದೆ. ಕಾಂಪೋಸ್ಟ್ ಗುಂಡಿಯ ಅಳತೆ ಹೇಳುತ್ತಿರುವಾಗ ಮುಂದಿನ ಸಾಲಿನಲ್ಲೇ ಒಬ್ಬರು ಬಾಯಿ ತೆರೆದುಕೊಂಡು ತೂಕಡಿಸುತ್ತಿದ್ದರು. ಐವತ್ತರ ಸುಮಾರಿನವರು, ಊರಿನಲ್ಲಿ ಒಳ್ಳೆಯ ಬೇಸಾಯಗಾರರೆಂದು ಹೆಸರಿದ್ದವರು. ನಾನು ಮಾತು ನಿಲ್ಲಿಸಿ, “ಯಜಮಾನರು ರಾತ್ರಿಯೆಲ್ಲ ನಾಟಕ ನೋಡಿಕೊಂಡು ಬಂದಹಾಗಿದೆ” ಎಂದೆ. ಸಭೆಯೆಲ್ಲ ನಕ್ಕಿತು. ಅವರು ಏನೂ ಹೇಳಲಿಲ್ಲ. ಟವಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು ಎದ್ದು ಹೋದರು.

ಮಾರನೆಯ ದಿನ ಅವರ ಕಣದ ಹತ್ತಿರ ಹಾದು ಹೋಗುವಾಗ ಅವರೇ ಕರೆದರು. “ನಾಟಕಕ್ಕೆ ಹೋಗಿರಲಿಲ್ಲ ಸ್ವಾಮಿ. ಹದಿನೈದು ದಿವಸ ಆಯ್ತು ನೆಟ್ಟಗೆ ಮಲಗಿ. ತಲೆ ಕೆಳಗಿಟ್ಟರೆ ಎರಡು ಹೊಳ್ಳೆಯೂ ಕಟ್ಕೊತವೆ. ಗೋಡೆಗೆ ಒರಗಿ ಕೂತೇ ಬೆಳಗು ಮಾಡ್ತೀನಿ. ನಾಕು ಗಂಟೆಗೆ ಸೀನು ಶುರುವಾದರೆ ಇಪ್ಪತ್ತು ಮೂವತ್ತು ಸೀನು. ಮನೇಲಿ ಯಾರಿಗೂ ನಿದ್ದೆ ಇಲ್ಲ.” ನನಗೆ ನಾಚಿಕೆಯಾಯಿತು. ನಾಚಿಕೆಯಾದವನು ಅಲ್ಲಿಗೆ ಸುಮ್ಮನಿರಬೇಕಿತ್ತು. ಬದಲಿಗೆ ಇನ್ನೊಂದು ತಪ್ಪು ಮಾಡಿದೆ. ಅದನ್ನು ಮುಂದೆ ಔಷಧದ ಮಾತು ಬಂದಾಗ ಹೇಳುತ್ತೇನೆ.

ಶೀತವಲ್ಲ, ಅಲರ್ಜಿ

ಇಂಥ ತೊಂದರೆಯನ್ನು ನಾವೆಲ್ಲ ‘ತಂಡಿ’, ‘ಶೀತ’ ಎಂದು ಕರೆದುಬಿಡುತ್ತೇವೆ. ಎರಡೂ ಒಂದೇ ಅಲ್ಲ. ಶೀತ ಅಂಟುರೋಗ. ಒಬ್ಬರಿಂದ ಒಬ್ಬರಿಗೆ ಬರುತ್ತದೆ. ಗಂಟಲು ನೋವು, ಮೈಕೈ ನೋವು, ಒಮ್ಮೊಮ್ಮೆ ಜ್ವರ ಇರುತ್ತದೆ. ವಾರ ಹತ್ತು ದಿನದಲ್ಲಿ ತಾನೇ ಬಿಟ್ಟು ಹೋಗುತ್ತದೆ. ಅಲರ್ಜಿ ಹಾಗಲ್ಲ. ಮೂಗಿನೊಳಗೆ ನವೆ, ಕಣ್ಣಿನಲ್ಲಿ ತುರಿಕೆ, ಒಂದರ ಮೇಲೊಂದು ಸೀನು, ನೀರಿನಂತೆ ತಿಳಿಯಾಗಿ ಸುರಿಯುವ ಮೂಗು. ಜ್ವರವಿಲ್ಲ. ವಾರಗಟ್ಟಲೆ ಇರುತ್ತದೆ. ಮುಂದಿನ ವರ್ಷ ಅದೇ ಕಾಲಕ್ಕೆ, ಅದೇ ಕೆಲಸಕ್ಕೆ ಕೈಯಿಟ್ಟಾಗ ಮತ್ತೆ ಬರುತ್ತದೆ. “ನನಗೆ ವರ್ಷಾ ವರ್ಷಾ ಒಕ್ಕಣೆ ಹೊತ್ತಿಗೆ ಶೀತ” ಎನ್ನುವವರಿಗೆ ಇರುವುದು ಬಹುಮಟ್ಟಿಗೆ ಶೀತವಲ್ಲ.

ಅಲರ್ಜಿ ಎಂದರೇನು? ನಮ್ಮ ಮೈಯಲ್ಲಿ ರೋಗಾಣುಗಳನ್ನು ಹೊಡೆದಟ್ಟುವ ಕಾವಲುಪಡೆ ಉಂಟು. ಕೆಲವರಲ್ಲಿ ಈ ಕಾವಲು, ಕಳ್ಳನಲ್ಲದ ದಾರಿಹೋಕನನ್ನೂ ಕಳ್ಳನೆಂದು ತಿಳಿದು ದೊಣ್ಣೆ ಎತ್ತುತ್ತದೆ. ಹೂವಿನ ಪರಾಗ, ಹೊಟ್ಟಿನ ಧೂಳು, ಬೂಷ್ಟು, ಹಾಸಿಗೆಯ ನುಸಿ, ಇವು ನಿಜವಾಗಿ ಮೂಗಿಗೆ ವಿಷವಲ್ಲ. ಆದರೆ ಅಂಥವರ ಮೂಗು ಅವನ್ನು ಶತ್ರುವೆಂದು ಬಗೆದು ಊದಿಕೊಳ್ಳುತ್ತದೆ, ನೀರು ಸುರಿಸುತ್ತದೆ, ಸೀನುತ್ತದೆ. ತಂದೆತಾಯಿಯರಲ್ಲಿ ಇದ್ದರೆ ಮಕ್ಕಳಿಗೂ ಬರುವುದು ಹೆಚ್ಚು. ಇದು ಸೋಮಾರಿತನವಲ್ಲ, ನಾಜೂಕುತನವೂ ಅಲ್ಲ. ಕಲ್ಲು ಹೊರುವ ಗಟ್ಟಿ ಆಳಿಗೂ ಬರುತ್ತದೆ.

ಹಗಲು ತಿರುಗಾಡಿಕೊಂಡಿದ್ದವನಿಗೆ ರಾತ್ರಿಯೇ ಏಕೆ ಹೆಚ್ಚು?

ಇದನ್ನು ನಾನು ಆರೋಗ್ಯ ಕೇಂದ್ರದ ವೈದ್ಯರನ್ನು ಎರಡು ಮೂರು ಸಲ ಕೇಳಿ ತಿಳಿದುಕೊಂಡೆ. ಮೂಗಿನ ಒಳಗಡೆ ಎರಡು ಪಕ್ಕದಲ್ಲೂ ಮೆತ್ತನೆಯ ಮಡಿಕೆಗಳಿವೆ. ಅವುಗಳ ತುಂಬ ರಕ್ತನಾಳ. ಹಾಲು ತುಂಬಿದಾಗ ಕೆಚ್ಚಲು ಬಿಗಿಯುವಂತೆ, ರಕ್ತ ತುಂಬಿದಾಗ ಈ ಮಡಿಕೆಗಳು ಬಿಗಿದು ಉಸಿರಿನ ದಾರಿ ಕಿರಿದಾಗುತ್ತದೆ. ನಿಂತಿರುವಾಗ ರಕ್ತ ಕೆಳಕ್ಕೆ ಇಳಿಯುತ್ತದೆ. ಅಡ್ಡಲಾಗಿ ಮಲಗಿದಾಗ ತಲೆ, ಕಾಲು ಒಂದೇ ಮಟ್ಟಕ್ಕೆ ಬಂದು ಮೂಗಿನಲ್ಲಿ ರಕ್ತ ನಿಲ್ಲುತ್ತದೆ. ಆರೋಗ್ಯವಂತನಿಗೆ ಇದು ಗೊತ್ತೇ ಆಗದು. ಮೊದಲೇ ಊದಿರುವ ಮೂಗಿಗೆ ಅಷ್ಟೇ ಸಾಕು, ಬಾಗಿಲು ಮುಚ್ಚಿದಂತಾಗುತ್ತದೆ. ಬಲಕ್ಕೆ ಹೊರಳಿದರೆ ಬಲ ಹೊಳ್ಳೆ, ಎಡಕ್ಕೆ ಹೊರಳಿದರೆ ಎಡ ಹೊಳ್ಳೆ ಕಟ್ಟುವುದನ್ನು ನೀವೇ ಕಂಡಿರಬಹುದು.

ಎರಡನೆಯ ಕಾರಣ ಇನ್ನೂ ಮುಖ್ಯ. ಅಲರ್ಜಿಯ ಪೆಟ್ಟು ಎರಡು ಸಲ ಬೀಳುತ್ತದೆ. ಧೂಳು ಹೊಕ್ಕ ಕೆಲವು ನಿಮಿಷಗಳಲ್ಲೇ ಸೀನು, ನೀರು ಬರುವುದು ಮೊದಲನೆಯದು. ಅದು ಇಳಿದು ನಾಲ್ಕೆಂಟು ಗಂಟೆಗಳ ಮೇಲೆ ಮೂಗು ಮತ್ತೆ ಊದಿ ಕಟ್ಟುವುದು ಎರಡನೆಯದು. ಮಧ್ಯಾಹ್ನ ಮೂರಕ್ಕೆ ರಾಗಿ ತೂರಿದವನ ಮೂಗು ರಾತ್ರಿ ಹತ್ತಕ್ಕೆ ಕಟ್ಟಿದರೆ, ಅವನು ರಾತ್ರಿಯ ಚಳಿಯನ್ನೋ ಉಂಡ ಮಜ್ಜಿಗೆಯನ್ನೋ ದೂರುತ್ತಾನೆ. ಬಿತ್ತಿದ್ದು ಹಗಲು, ಮೊಳೆತದ್ದು ರಾತ್ರಿ. ಬಡ ಮಜ್ಜಿಗೆಯ ಮೇಲೆ ಸುಮ್ಮನೆ ಅಪವಾದ.

ಮೂರನೆಯದಾಗಿ, ಊತವನ್ನು ಇಳಿಸುವ ಒಂದು ರಸವನ್ನು ನಮ್ಮ ಮೈ ತಾನೇ ತಯಾರಿಸುತ್ತದೆ. ಅದು ನಡುರಾತ್ರಿಯ ಹೊತ್ತಿಗೆ ಬಹಳ ಕಡಿಮೆ ಇರುತ್ತದೆ. ಇವೆಲ್ಲದರ ಜೊತೆಗೆ, ಹಗಲು ತಲೆಗೂದಲಲ್ಲಿ ಸೇರಿಕೊಂಡ ಧೂಳು ಮತ್ತು ಪರಾಗ ದಿಂಬಿನ ಮೇಲೆ ಉದುರಿ ರಾತ್ರಿಯಿಡೀ ಮೂಗಿನ ಮಗ್ಗುಲಲ್ಲೇ ಇರುತ್ತದೆ.

ನಿದ್ದೆಗೆ ಆಗುವ ನಷ್ಟ

ಮೂಗು ಕಟ್ಟಿದವನು ಬಾಯಲ್ಲಿ ಉಸಿರಾಡುತ್ತಾನೆ. ಮಲಗಿದವನ ಬಾಯಿ ತೆರೆದರೆ ದವಡೆ, ನಾಲಿಗೆ ಹಿಂದಕ್ಕೆ ಜಾರಿ ಗಂಟಲಿನ ದಾರಿ ಕಿರಿದಾಗುತ್ತದೆ. ಅದೇ ಗೊರಕೆ. ಉಸಿರಿಗೆ ಅಡ್ಡಿಯಾದಾಗಲೆಲ್ಲ ಮಿದುಳು ಎಚ್ಚರಗೊಳ್ಳುತ್ತದೆ. ಈ ಎಚ್ಚರ ಕೆಲವೇ ಕ್ಷಣಗಳದ್ದು, ಬೆಳಿಗ್ಗೆ ನೆನಪಿರುವುದಿಲ್ಲ. ಆದುದರಿಂದ “ಎಂಟು ಗಂಟೆ ಮಲಗಿದ್ದೆ, ಆದರೂ ಮೈ ಹಗುರಾಗಲಿಲ್ಲ” ಎನ್ನುತ್ತಾರೆ. ಮಲಗಿದ್ದು ಎಂಟು ಗಂಟೆ ನಿಜ, ನಿದ್ದೆ ಅಷ್ಟಿಲ್ಲ. ಕಾಲುವೆಗೆ ಎಂಟು ಗಂಟೆ ನೀರು ಬಿಟ್ಟರೂ ಹತ್ತು ಕಡೆ ಒಡೆದಿದ್ದರೆ ಕೊನೆಯ ಮಡಿಗೆ ಎಷ್ಟು ನೀರು ಸೇರೀತು?

ಹೀಗೆ ವಾರಗಟ್ಟಲೆ ನಡೆದರೆ ಬೆಳಿಗ್ಗೆ ಬಾಯಿ ಒಣಗಿ ತಲೆಭಾರ, ಹಗಲು ತೂಕಡಿಕೆ, ಮರೆವು, ಸಣ್ಣ ಮಾತಿಗೂ ಸಿಟ್ಟು. ವ್ಯವಸಾಯದಲ್ಲಿ ಈಗ ಯಂತ್ರಗಳು ಬಂದಿವೆ. ಟ್ರ್ಯಾಕ್ಟರು, ಒಕ್ಕಣೆ ಯಂತ್ರ, ಮೇವು ಕತ್ತರಿಸುವ ಯಂತ್ರ, ರಾತ್ರಿ ಕರೆಂಟು ಬಂದಾಗ ಹಾಕಬೇಕಾದ ಪಂಪ್‌ಸೆಟ್ಟು. ಹಿಂದೆ ಗಾಡಿಯಲ್ಲಿ ತೂಕಡಿಸಿದರೆ ಎತ್ತುಗಳೇ ಮನೆಗೆ ತಂದು ಬಿಡುತ್ತಿದ್ದವು. ಟ್ರ್ಯಾಕ್ಟರಿಗೆ ಮನೆಯ ದಾರಿ ಗೊತ್ತಿಲ್ಲ.

ಮಕ್ಕಳ ವಿಚಾರದಲ್ಲಿ ಒಂದು ಮಾತು. ಮಗು ಬಾಯಿ ತೆರೆದು ಮಲಗುತ್ತದೆಯೇ, ಗೊರಕೆ ಹೊಡೆಯುತ್ತದೆಯೇ, ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜುತ್ತಲೇ ಇರುತ್ತದೆಯೇ, ಕಣ್ಣ ಕೆಳಗೆ ಕಪ್ಪು ನೆರಳು ಇದೆಯೇ, ನೋಡಿ. ಅಂಥ ಮಗು ಶಾಲೆಯಲ್ಲಿ ತೂಕಡಿಸಿದರೆ ಮೇಷ್ಟ್ರು ದಡ್ಡನೆಂದು ಬರೆದಿಡುವ ಮೊದಲು ವೈದ್ಯರಿಗೆ ತೋರಿಸಿ. ಮೂಗಿನ ಹಿಂದಿನ ಗಡ್ಡೆ ಬೆಳೆದಿದ್ದರೂ ಮಕ್ಕಳಲ್ಲಿ ಇದೇ ಚಿಹ್ನೆ ಕಾಣುತ್ತದೆ. ಎರಡಕ್ಕೂ ಚಿಕಿತ್ಸೆ ಉಂಟು.

ಹೆಣ್ಣುಮಕ್ಕಳ ಪಾಡು ಹೇಳುವವರೇ ಇಲ್ಲ. ಗುಡಿಸುವುದು, ಕೇರುವುದು, ಒಲೆ ಊದುವುದು, ಕೊಟ್ಟಿಗೆ ಬಳಿಯುವುದು ಎಲ್ಲವೂ ಅವರದೇ. ಎಲ್ಲರಿಗಿಂತ ಕೊನೆಗೆ ಮಲಗಿ ಮೊದಲು ಏಳುವವರೂ ಅವರೇ. ಇದ್ದ ಆರು ಗಂಟೆಯಲ್ಲಿ ಎರಡು ಗಂಟೆ ಮೂಗು ತಿಂದರೆ ಉಳಿದದ್ದೇನು?

ಶತ್ರು ಎಲ್ಲೆಲ್ಲಿದ್ದಾನೆ

ನಮ್ಮ ಭಾಗದಲ್ಲಿ ಮೊದಲು ಹೇಳಬೇಕಾದದ್ದು ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಇದು ಅಮೆರಿಕ ಖಂಡದ ಬೆಚ್ಚನೆಯ ನಾಡುಗಳ ಗಿಡ. ನಮ್ಮ ದೇಶದಲ್ಲಿ 1955ರ ಸುಮಾರಿಗೆ ಪುಣೆಯಲ್ಲಿ ಕಳೆಯಾಗಿ ಗುರುತಿಸಲ್ಪಟ್ಟಿತು. ಹೊರದೇಶದಿಂದ ತರಿಸಿದ ಗೋಧಿಯ ಜೊತೆ ಬಂದಿತೆಂಬ ಮಾತು ಜನಜನಿತವಾಗಿದೆ. ನಮ್ಮ ರಾಜ್ಯದಲ್ಲಿ ಅದು ಹಬ್ಬಿದ ವೇಗ ನಿಮ್ಮ ಮನೆಯ ಹಿರಿಯರಿಗೆ ನೆನಪಿದ್ದೀತು. 1975ರಲ್ಲಿ ಕರ್ನಾಟಕ ಸರ್ಕಾರ ಕಾನೂನಿನ ಪ್ರಕಾರ ಇದನ್ನು ಹಾನಿಕಾರಕ ಕಳೆಯೆಂದು ಸಾರಿತು. 1983ರಲ್ಲಿ ಇದರ ಎಲೆ ತಿನ್ನುವ ಒಂದು ಜೀರುಂಡೆಯನ್ನು ಮೆಕ್ಸಿಕೋದಿಂದ ಬೆಂಗಳೂರಿಗೆ ತರಿಸಿ, ಪರೀಕ್ಷೆ ಮಾಡಿ, 1984ರಲ್ಲಿ ಬಿಟ್ಟರು. ಮಳೆಗಾಲದಲ್ಲಿ ಬಿಳಿಯ ಮೈಮೇಲೆ ಕಂದು ಗೆರೆಗಳಿರುವ ಸಣ್ಣ ಹುಳು ಈ ಗಿಡದ ಮೇಲೆ ಕಂಡರೆ ಅದೇ ಅದು. ಕೊಲ್ಲಬೇಡಿ. ಕಾನೂನೂ ಬಂತು, ಹುಳುವೂ ಬಂತು, ಗಿಡ ಮಾತ್ರ ಹೋಗಿಲ್ಲ.

ಈ ಗಿಡ ಮುಟ್ಟಿದರೆ ಕಜ್ಜಿಯಾಗುವುದನ್ನು ಎಲ್ಲರೂ ಬಲ್ಲಿರಿ. ಅದರ ಪರಾಗ ಮೂಗಿಗೆ ಮಾಡುವ ಕೇಡನ್ನು ಬಹಳ ಮಂದಿ ಅರಿಯರು. ಮೊಳೆತ ನಾಲ್ಕಾರು ವಾರದಲ್ಲೇ ಹೂ ಬಿಡುತ್ತದೆ. ತೇವವಿದ್ದರೆ ವರ್ಷದಲ್ಲಿ ಯಾವಾಗಲಾದರೂ ಹೂ ಇರುತ್ತದೆ. ಒಂದು ಒಳ್ಳೆಯ ಗಿಡ 10 ಸಾವಿರಕ್ಕೂ ಹೆಚ್ಚು ಬೀಜ ಉದುರಿಸುತ್ತದೆ. ನಾನು ಮೊದಲು ಹೇಳಿದ ಯಜಮಾನರ ಕಣದ ಮೂರು ಪಕ್ಕದಲ್ಲೂ ಸೊಂಟದೆತ್ತರ ನಿಂತಿದ್ದವು. ರಾಗಿ ಮೆದೆ ಕಾಯಲು ಅವರು ಮಲಗುತ್ತಿದ್ದುದು ಅಲ್ಲೇ.

ಎರಡನೆಯದು ಕಣದ ಧೂಳು. ಹೊಟ್ಟು, ಸುಂಕು, ಮಣ್ಣು, ಅವುಗಳ ಜೊತೆ ಬೂಷ್ಟಿನ ಸಣ್ಣ ಕಣಗಳು. ಮಳೆಗೆ ನೆನೆದು ಒಳಗೆ ಕಾವು ಕೂತ ಹುಲ್ಲನ್ನು ಬಿಚ್ಚಿದಾಗ ಬೂದಿಯಂತೆ ಹಾರುವುದು ಬೂಷ್ಟೇ. ರಾಗಿ, ಹುರುಳಿಯನ್ನು ಟಾರು ರಸ್ತೆಯ ಮೇಲೆ ಹರಡಿ ಲಾರಿ ಬಸ್ಸುಗಳಿಂದ ತುಳಿಸುವುದು ನಮ್ಮಲ್ಲಿ ರೂಢಿಯಾಗಿದೆ. ವಾಹನ ಜಾರುವ ಅಪಾಯ ಹಾಗಿರಲಿ, ಪ್ರತಿ ಬಸ್ಸೂ ಒಂದೊಂದು ಮೊರ ಧೂಳನ್ನು ಮುಖಕ್ಕೆ ಎರಚುತ್ತದೆ. ನಾನು ಇದನ್ನು ಒಪ್ಪುವವನಲ್ಲ. ಪಂಚಾಯಿತಿಯ ಒಕ್ಕಣೆ ಕಣವಿರುವ ಊರಿನಲ್ಲಾದರೂ ಅದನ್ನು ಬಳಸಿ.

ಮೂರನೆಯದು ಮನೆಯೊಳಗಿನ ನುಸಿ. ನುಸಿ ಎಂದರೆ ತೆಂಗು ಬೆಳೆಯುವವರಿಗೆ ಎದೆ ಧಸಕ್ಕೆನ್ನುತ್ತದೆ. 1998ರ ನಂತರ ಕಾಯಿಗಳನ್ನೆಲ್ಲ ಕೆಡಿಸಿದ್ದು ಅದೇ ಹೆಸರಿನದು. ಹಾಸಿಗೆಯ ನುಸಿ ಬೇರೆ ಜಾತಿ, ಕಣ್ಣಿಗೆ ಕಾಣದು. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿಂದು ದಿಂಬು, ಹಾಸಿಗೆ, ಕಂಬಳಿಯಲ್ಲಿ ಬದುಕುತ್ತದೆ. ಕಚ್ಚುವುದಿಲ್ಲ. ಅದರ ಹಿಕ್ಕೆಯೇ ಅಲರ್ಜಿಗೆ ಕಾರಣ. ತೇವ ಅದಕ್ಕೆ ಪ್ರಾಣ, ಬಿಸಿಲು ಅದಕ್ಕೆ ಶತ್ರು. ವರ್ಷವಿಡೀ ಬೆಳಿಗ್ಗೆ ಎದ್ದ ಕೂಡಲೇ ಸೀನುವವರು ಹಾಸಿಗೆಯ ಮೇಲೆ ಸಂಶಯ ಪಡತಕ್ಕದ್ದು.

ನೀವೇ ಮಾಡಬಹುದಾದದ್ದು

ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ, ಮಣ್ಣು ಹಸಿ ಇರುವಾಗ, ಬೇರುಸಹಿತ ಕೀಳಬೇಕು. ಕೈಗೆ ಗವಸು ಅಥವಾ ಪ್ಲಾಸ್ಟಿಕ್ ಚೀಲ, ತುಂಬುತೋಳಿನ ಅಂಗಿ, ಮೂಗಿಗೆ ಬಟ್ಟೆ ಇರಲಿ. ಹೂ ಬಾರದ ಗಿಡವನ್ನು ಸಗಣಿ ಬಗ್ಗಡದ ಜೊತೆ ಪದರ ಪದರವಾಗಿ ಗುಂಡಿಗೆ ಹಾಕಿದರೆ ಒಳ್ಳೆಯ ಗೊಬ್ಬರವಾಗುತ್ತದೆ. ಬೀಜ ಕಟ್ಟಿದ್ದನ್ನು ಗೊಬ್ಬರಕ್ಕೆ ಹಾಕಿದರೆ ಹೊಲಕ್ಕೆ ನೀವೇ ಬಿತ್ತಿದಂತೆ. ಲೀಟರು ನೀರಿಗೆ 150ರಿಂದ 200 ಗ್ರಾಂ ಅಡುಗೆ ಉಪ್ಪು ಕರಗಿಸಿ ಬಿಸಿಲಿನಲ್ಲಿ ಸಿಂಪಡಿಸಿದರೂ ಗಿಡ ಒಣಗುತ್ತದೆ. ಆದರೆ ಇದು ರಸ್ತೆಬದಿ, ಬೀಳುಜಾಗಕ್ಕೆ ಮಾತ್ರ. ಹೊಲದ ಬದುವಿನ ಮೇಲೆ ಉಪ್ಪು ಹೊಡೆಯಬೇಡಿ, ಮಣ್ಣು ಕೆಡುತ್ತದೆ. ಬೀಳಿನಲ್ಲಿ ಮುಂಗಾರಿಗೆ ಮುಂಚೆ ತಗಚೆ ಬೀಜ ಚೆಲ್ಲಿದರೆ ಅದು ದಟ್ಟವಾಗಿ ಬೆಳೆದು ಕಾಂಗ್ರೆಸ್ ಗಿಡಕ್ಕೆ ಜಾಗ ಕೊಡುವುದಿಲ್ಲ. ಒಬ್ಬರೇ ಕಿತ್ತರೆ ಪ್ರಯೋಜನ ಕಡಿಮೆ. ಪರಾಗಕ್ಕೂ ಬೀಜಕ್ಕೂ ಸರ್ವೆ ನಂಬರು ಗೊತ್ತಿಲ್ಲ.

ಕಣದಲ್ಲಿ ತೂರುವಾಗ ಗಾಳಿ ಬೆನ್ನಿಗಿರಲಿ. ಟವಲನ್ನು ಎರಡು ಮಡಿಕೆ ಮಾಡಿ ಮೂಗು ಬಾಯಿಗೆ ಕಟ್ಟಿದರೆ ದಪ್ಪ ಧೂಳು ನಿಲ್ಲುತ್ತದೆ, ನವುರಾದದ್ದು ನಿಲ್ಲದು. ತೊಂದರೆ ಹೆಚ್ಚಿರುವವರು ಔಷಧದ ಅಂಗಡಿಯಲ್ಲಿ ಸಿಗುವ ‘ಎನ್ 95’ ಎಂಬ ಮಾಸ್ಕನ್ನು ಕಟ್ಟಿಕೊಳ್ಳುವುದು ಲೇಸು. ಮೆದೆ ಕಾಯಲೇಬೇಕಾದರೆ ಹುಲ್ಲಿಗೆ ತಲೆಯಿಟ್ಟು ಮಲಗಬೇಡಿ. ಗಾಳಿ ಯಾವ ಕಡೆಯಿಂದ ಬೀಸುತ್ತದೆ ನೋಡಿ, ಆ ಕಡೆಗೆ ಹತ್ತು ಮಾರು ದೂರ ಮಂಚ ಹಾಕಿಕೊಳ್ಳಿ. ಮನೆಯಲ್ಲಿ ಅಲರ್ಜಿಯಿಲ್ಲದ ಇನ್ನೊಬ್ಬರಿದ್ದರೆ ಕಾವಲು ಅವರಿಗೆ ಬಿಡಿ.

ಕೆಲಸ ಮುಗಿಸಿ ಬಂದವರು ಕೈಕಾಲು ಮುಖ ತೊಳೆದು ಊಟಕ್ಕೆ ಕೂರುವುದು ವಾಡಿಕೆ. ಒಕ್ಕಣೆಯ ದಿನಗಳಲ್ಲಿ ಅಷ್ಟು ಸಾಲದು. ಮಲಗುವ ಮುಂಚೆ ತಲೆಗೂ ಸ್ನಾನವಾಗಲಿ. ಕಣದಲ್ಲಿ ಉಟ್ಟ ಬಟ್ಟೆ ಮಲಗುವ ಕೋಣೆಗೆ ಬರಬಾರದು. ಉದ್ದ ಕೂದಲಿನ ಹೆಣ್ಣುಮಕ್ಕಳು ದಿನವೂ ತಲೆಗೆ ನೀರು ಹಾಕಿಕೊಳ್ಳಲು ಆಗದು, ನಿಜ. ಕೆಲಸದ ಹೊತ್ತಿನಲ್ಲಿ ತಲೆಗೆ ಬಟ್ಟೆ ಬಿಗಿದು ಕಟ್ಟಿಕೊಂಡು, ರಾತ್ರಿ ಒದ್ದೆ ಬಟ್ಟೆಯಿಂದ ಒರೆಸಿಕೊಂಡರೂ ಗುಣ ಕಾಣುತ್ತದೆ.

ಹಾಸಿಗೆ, ದಿಂಬು, ಕಂಬಳಿಯನ್ನು ವಾರಕ್ಕೊಮ್ಮೆ ಇಡೀ ದಿನ ಬಿಸಿಲಿಗೆ ಹಾಕಿ, ಸಂಜೆ ಮನೆಯ ಹೊರಗೆ ಬಡಿದು ಕೊಡವಿ. ಬಡಿಯುವ ಕೆಲಸ ಅಲರ್ಜಿಯಿಲ್ಲದವರದು. ಹೊದಿಕೆ, ದಿಂಬಿನ ಚೀಲವನ್ನು ಕೈ ತಡೆಯದಷ್ಟು ಬಿಸಿನೀರಿನಲ್ಲಿ ನೆನೆಸಿ ಒಗೆಯಿರಿ. ನೆಲಕ್ಕೆ ನೀರು ಚಿಮುಕಿಸಿ ಗುಡಿಸಿ. ಸೊಳ್ಳೆಗೆಂದು ಬೇವಿನ ಸೊಪ್ಪಿನ ಹೊಗೆ ಹಾಕುವುದು, ಸೊಳ್ಳೆಬತ್ತಿ ಹಚ್ಚುವುದು ಊದಿದ ಮೂಗಿಗೆ ಇನ್ನಷ್ಟು ಕಿರುಕುಳ. ಸೊಳ್ಳೆ ಪರದೆ ಕಟ್ಟಿ.

ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ ಇಡಿ. ಬರೀ ದಿಂಬಿನ ಮೇಲೆ ದಿಂಬು ಪೇರಿಸಿದರೆ ಕತ್ತು ಬಗ್ಗುತ್ತದೆ, ಉಸಿರು ಸರಾಗವಾಗದು.

ಮೂಗನ್ನು ಉಪ್ಪುನೀರಿನಿಂದ ತೊಳೆಯುವುದು ಬಹಳ ಸುಲಭ, ಖರ್ಚಿಲ್ಲ. ಕುದಿಸಿ ಉಗುರುಬೆಚ್ಚಗೆ ಆರಿಸಿದ ಒಂದು ಲೋಟ ನೀರಿಗೆ, ಅಂದರೆ ಸುಮಾರು 250 ಮಿಲಿಲೀಟರಿಗೆ, ಅರ್ಧ ಟೀ ಚಮಚ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ಬೋಗುಣಿಯ ಮೇಲೆ ಬಗ್ಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಬಾಯಲ್ಲಿ ಉಸಿರಾಡುತ್ತ ಮೇಲಿನ ಹೊಳ್ಳೆಗೆ ಸಣ್ಣ ಗಿಂಡಿಯಿಂದ ಮೆಲ್ಲಗೆ ಬಿಡಿ. ಕೆಳಗಿನ ಹೊಳ್ಳೆಯಿಂದ ಹೊರಬರುತ್ತದೆ. ಮತ್ತೊಂದು ಪಕ್ಕಕ್ಕೂ ಹಾಗೆಯೇ. ಯೋಗ ಬಲ್ಲ ಹಿರಿಯರು ಇದನ್ನು ಜಲನೇತಿ ಎನ್ನುತ್ತಾರೆ. ನೀರನ್ನು ಕುದಿಸಿಯೇ ಬಳಸಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಕೆರೆ, ತೊಟ್ಟಿ, ನಲ್ಲಿಯ ಹಸಿನೀರಿನಲ್ಲಿ ಮೂಗಿನ ಮೂಲಕ ಮಿದುಳಿಗೆ ಹೋಗಿ ಪ್ರಾಣ ತೆಗೆಯುವ ಒಂದು ಸೂಕ್ಷ್ಮಜೀವಿ ಅಪರೂಪಕ್ಕೆ ಇರುವುದುಂಟು. ಎಳೆಗೂಸಿನ ಮೂಗಿಗೆ ಎಣ್ಣೆ ಬಿಡುವ ಪದ್ಧತಿಯನ್ನು ನಿಲ್ಲಿಸಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಕೂಸಿಗೆ ಅಪಾಯ.

“ಒಂದು ಗುಟುಕು ಹಾಕಿದರೆ ನಿದ್ದೆ ಬರುತ್ತೆ” ಎನ್ನುವವರೂ ಇದ್ದಾರೆ. ಹೆಂಡ ಮೂಗನ್ನು ಇನ್ನಷ್ಟು ಊದಿಸುತ್ತದೆ, ಗಂಟಲನ್ನು ಸಡಿಲ ಮಾಡುತ್ತದೆ. ಗೊರಕೆ ಹೆಚ್ಚಾಗುತ್ತದೆ. ಬಂದದ್ದು ಮಂಪರು, ನಿದ್ದೆಯಲ್ಲ.

ಔಷಧದ ಮಾತು

ಈಗ ನನ್ನ ತಪ್ಪಿನ ಕಥೆ. ಆ ಯಜಮಾನರ ಕಷ್ಟ ಕೇಳಿ, ನನ್ನ ಚೀಲದಲ್ಲಿದ್ದ ಶೀತದ ಮಾತ್ರೆಗಳ ಒಂದು ಪಟ್ಟಿಯನ್ನೇ ಕೊಟ್ಟೆ. “ರಾತ್ರಿ ಒಂದು ತಗೊಳ್ಳಿ, ಹಾಯಾಗಿ ಮಲಗುತ್ತೀರಿ” ಎಂದೆ. ಅದು ಕ್ಲೋರ್‌ಫೆನಿರಮಿನ್ ಎಂಬ ಹಳೆಯ ಔಷಧವಿದ್ದ ಮಾತ್ರೆ. ನನಗೂ ಶೀತವಾದಾಗ ನುಂಗುತ್ತಿದ್ದೆ. ಅವರಿಗೆ ನಿದ್ದೆ ಬಂತು. ಎರಡು ದಿನ ಕೈ ಮುಗಿದರು. ನಾಲ್ಕನೆಯ ದಿನ ಬೆಳಿಗ್ಗೆ ಆರು ಗಂಟೆಗೆ ಮೇವು ಕತ್ತರಿಸುವ ಯಂತ್ರಕ್ಕೆ ಹುಲ್ಲು ಕೊಡುತ್ತಿದ್ದವರ ಎಡಗೈಯ ಎರಡು ಬೆರಳಿನ ತುದಿ ಹೋಯಿತು.

ಆ ಮಾತ್ರೆಯೇ ಕಾರಣವೆಂದು ಯಾರೂ ಆಣೆ ಮಾಡಿ ಹೇಳಲಾರರು. ಆದರೆ ಆ ಔಷಧದ ಮಂಪರು ಮಾರನೆಯ ಬೆಳಗಿನವರೆಗೂ ಉಳಿಯುತ್ತದೆಂದು ವೈದ್ಯರು ಹೇಳಿದಾಗ ನನ್ನ ಕಾಲ ಕೆಳಗಿನ ನೆಲ ಕುಸಿದಂತಾಯಿತು. ನಾನು ಆಸ್ಪತ್ರೆಗೆ ನೋಡಲು ಹೋದೆ. ಅವರು, “ನಿಮ್ಮದೇನು ತಪ್ಪು ಬಿಡಿ, ನೀವು ಒಳ್ಳೇದಕ್ಕೇ ಕೊಟ್ಟಿರಿ” ಎಂದರು. ಬೈದಿದ್ದರೆ ವಾಸಿಯಿತ್ತು. ಅಂದಿನಿಂದ ನನ್ನ ಚೀಲದಲ್ಲಿ ಮಾತ್ರೆ ಇಟ್ಟುಕೊಳ್ಳುವುದಿಲ್ಲ. ನೀವೂ ಅಂಗಡಿಯಿಂದ, ನೆರೆಯವರಿಂದ, ಗ್ರಾಮಸೇವಕನಿಂದ ಮಾತ್ರೆ ತೆಗೆದುಕೊಳ್ಳಬೇಡಿ.

ಹಾಗಾದರೆ ಔಷಧವೇ ಇಲ್ಲವೇ? ಉಂಟು. ಲೊರಾಟಡಿನ್, ಫೆಕ್ಸೊಫೆನಡಿನ್ ಎಂಬ ಹೊಸ ಮಾತ್ರೆಗಳಲ್ಲಿ ಮಂಪರು ಬಹಳ ಕಡಿಮೆ. ಸೆಟಿರಿಜಿನ್ ಎಂಬುದು ಹಳೆಯದಕ್ಕಿಂತ ಮೇಲು, ಆದರೂ ಕೆಲವರಿಗೆ ತೂಕಡಿಕೆ ಬರುತ್ತದೆ. ಯಾವುದಾದರೂ ಮೊದಲ ಸಲ ನುಂಗಿದ ಮಾರನೆಯ ದಿನ ಯಂತ್ರದ ಹತ್ತಿರ ಹೋಗದೆ, ಗಾಡಿ ಓಡಿಸದೆ ಮೈ ಹೇಗಿದೆಯೆಂದು ನೋಡಿಕೊಳ್ಳಬೇಕು. ಮಾತ್ರೆಗಳು ಸೀನು, ನವೆಗಳನ್ನು ಚೆನ್ನಾಗಿ ತಡೆಯುತ್ತವೆ. ರಾತ್ರಿ ಮೂಗು ಕಟ್ಟುವುದಕ್ಕೆ ಅಷ್ಟು ಸಾಲವು. ಅದಕ್ಕೆ ಹೆಚ್ಚು ಗುಣ ಕೊಡುವುದು ಮೂಗಿನೊಳಗೆ ಸಿಂಪಡಿಸಿಕೊಳ್ಳುವ ಸ್ಟೀರಾಯ್ಡ್ ಔಷಧ. ‘ಸ್ಟೀರಾಯ್ಡ್’ ಎಂದೊಡನೆ ಹೆದರಬೇಡಿ. ಅದು ಮೂಗಿನಲ್ಲೇ ಕೆಲಸ ಮಾಡುತ್ತದೆ, ಮೈಗೆ ಸೇರುವುದು ಅತ್ಯಲ್ಪ. ಆದರೆ ಒಂದೇ ರಾತ್ರಿಗೆ ಫಲ ಕಾಣದು. ದಿನವೂ ಬಿಡದೆ ಬಳಸಿದರೆ ಪೂರ್ತಿ ಗುಣ ಕಾಣಲು ವಾರ ಎರಡು ವಾರ ಬೇಕು. ಆದುದರಿಂದ ವರ್ಷಾ ವರ್ಷಾ ಒಕ್ಕಣೆಗೆ ತೊಂದರೆ ಬರುವವರು ಈಗಲೇ ವೈದ್ಯರನ್ನು ಕಾಣತಕ್ಕದ್ದು. ಮೂಗು ಕಟ್ಟಿದ ಮೇಲೆ ಓಡುವುದು ಬೆಳೆಗೆ ರೋಗ ತುಂಬಿದ ಮೇಲೆ ಔಷಧ ಹುಡುಕಿದಂತೆ.

ಇನ್ನೊಂದು ಬಗೆಯ ಹನಿ ಔಷಧ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಎರಡು ಹನಿ ಬಿಟ್ಟ ಕೆಲವೇ ನಿಮಿಷದಲ್ಲಿ ಮೂಗು ಬಿಚ್ಚುತ್ತದೆ. ಕ್ಸೈಲೊಮೆಟಜೊಲಿನ್, ಆಕ್ಸಿಮೆಟಜೊಲಿನ್ ಎಂದು ಸೀಸೆಯ ಮೇಲೆ ಬರೆದಿರುತ್ತದೆ. ಮೂರು ದಿನ, ಹೆಚ್ಚೆಂದರೆ ಐದು ದಿನ ಬಳಸಬಹುದು. ಅದನ್ನು ಮೀರಿದರೆ ಹನಿಯ ಪ್ರಭಾವ ಇಳಿದಾಗ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ. ಆಮೇಲೆ ಹನಿ ಇಲ್ಲದೆ ನಿದ್ದೆಯೇ ಇಲ್ಲ ಎನ್ನುವ ಸ್ಥಿತಿ. ಸೀಸೆಯನ್ನು ದಿಂಬಿನ ಕೆಳಗಿಟ್ಟು ಮಲಗುವವರು ನಮ್ಮ ಊರುಗಳಲ್ಲಿ ಬಹಳ ಮಂದಿ ಇದ್ದಾರೆ. ಅವರು ತಾವಾಗಿಯೇ ಒದ್ದಾಡದೆ, ಬಿಡುವ ಕ್ರಮವನ್ನು ವೈದ್ಯರಿಂದ ಕೇಳಿ ತಿಳಿಯುವುದು ಒಳ್ಳೆಯದು.

ಕೆಲವು ಚಿಹ್ನೆಗಳು ಕಂಡರೆ ಕಾಯಬಾರದು. ಉಸಿರಾಡುವಾಗ ಎದೆಯಲ್ಲಿ ಸುಂಯ್‌ಗುಟ್ಟುವುದು, ಕೆಮ್ಮು ದಮ್ಮಿನಿಂದ ರಾತ್ರಿ ಎದ್ದು ಕೂರುವುದು. ಮೂಗಿನ ಅಲರ್ಜಿ ಇರುವವರಲ್ಲಿ ಉಬ್ಬಸವೂ ಸೇರಿಕೊಂಡಿರುವುದು ಸಾಮಾನ್ಯ. ಒಂದೇ ಹೊಳ್ಳೆ ಸದಾ ಕಟ್ಟಿರುವುದು, ರಕ್ತ ಬರುವುದು. ಗೊರಕೆಯ ನಡುವೆ ಉಸಿರು ನಿಂತು, ಆಮೇಲೆ ಬೆಚ್ಚಿದಂತೆ ಎಳೆದುಕೊಳ್ಳುವುದು. ಈ ಕೊನೆಯದು ಮಲಗಿದವನಿಗೆ ತಿಳಿಯದು, ಮಗ್ಗುಲಲ್ಲಿರುವವರು ಗಮನಿಸಿ ಹೇಳಬೇಕು. ವೈದ್ಯರ ಹತ್ತಿರ ಹೋಗುವಾಗ ಯಾವ ತಿಂಗಳು ಹೆಚ್ಚು, ಯಾವ ಕೆಲಸ ಮಾಡಿದ ದಿನ ಹೆಚ್ಚು, ರಾತ್ರಿ ಎಷ್ಟು ಸಲ ಎಚ್ಚರ ಎಂಬುದನ್ನು ಮಕ್ಕಳ ಕೈಲಿ ಒಂದು ಚೀಟಿಯಲ್ಲಿ ಬರೆಸಿಕೊಂಡು ಹೋಗಿ. ಅವರಿಗೆ ಅರ್ಧ ಕೆಲಸ ಮುಗಿದಂತೆ.

ಆ ಯಜಮಾನರು ಈಗ ದಿನವೂ ಮೂಗಿಗೆ ಔಷಧ ಸಿಂಪಡಿಸಿಕೊಳ್ಳುತ್ತಾರೆ. ಈ ವರ್ಷ ಕಣವನ್ನು ಬೇರೆ ಕಡೆಗೆ ಬದಲಾಯಿಸಿದ್ದಾರೆ. ಮೆದೆ ಕಾಯಲು ಮಗನನ್ನು ಕಳುಹಿಸುವರಂತೆ. ಹಳೆಯ ಕಣದ ಸುತ್ತಲಿನ ಗಿಡ ಮಾತ್ರ ಹಾಗೆಯೇ ಇತ್ತು, ಚಿತ್ತೆ ಮಳೆಗೆ ಕೆಳಗೆ ಮತ್ತೆ ಎಳೆಸಸಿ ಎದ್ದಿವೆ. ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ, ಮಣ್ಣು ಆರುವುದರೊಳಗೆ, ಆ ಎಳೆಸಸಿಗಳನ್ನು ಕೀಳಲು ಊರವರು ಸೇರುತ್ತಿದ್ದೇವೆ. ಸುತ್ತಲ ಹಳ್ಳಿಯವರೂ ತಮ್ಮ ತಮ್ಮ ಕಣದ ಹತ್ತಿರ ಅದೇ ದಿನ ಕೈ ಹಚ್ಚಿದರೆ ಒಳ್ಳೆಯದು. ಮೂಗಿನ ತೊಂದರೆ ಇರುವವರು, ಮಕ್ಕಳು ಗಿಡದ ತಂಟೆಗೆ ಬರುವುದು ಬೇಡ. ತೊಂದರೆ ಇರುವ ದೊಡ್ಡವರಿಗೆ ಗಾಳಿಯ ಮೇಲುಬದಿಯಲ್ಲಿ ಗೊಬ್ಬರದ ಗುಂಡಿ ತೋಡುವ ಕೆಲಸವಿದೆ. ಹಾರೆ, ಗುದ್ದಲಿ, ಕೈಗೆ ಕಟ್ಟಲು ಎರಡು ಪ್ಲಾಸ್ಟಿಕ್ ಚೀಲ ತನ್ನಿ. ಸಗಣಿ ಬಗ್ಗಡವನ್ನು ಯಜಮಾನರ ಮನೆಯವರೇ ಕಲಸಿ ಇಡುತ್ತೇವೆಂದಿದ್ದಾರೆ.